ನಿರ್ಮಾಣ ಸ್ಪೆಸಿಫಿಕೇಷನ್: ಮಾದರಿ ಪಠ್ಯ ಮತ್ತು ಅದರ ಪರಿಷ್ಕರಣೆಯ ಇತಿಹಾಸ

ಕಟ್ಟಡ, ಸೇತುವೆ, ರಸ್ತೆ ಮೊದಲಾದ ಕಾಮಗಾರಿಗಳಲ್ಲಿ ಯಾವ ಸಾಮಗ್ರಿ ಬಳಸಬೇಕು, ಅದರ ಗುಣಮಟ್ಟ ಎಷ್ಟಿರಬೇಕು, ಕೆಲಸವನ್ನು ಹೇಗೆ ಮಾಡಬೇಕು, ಹೇಗೆ ಪರೀಕ್ಷಿಸಿ ಒಪ್ಪಿಕೊಳ್ಳಬೇಕು ಎಂಬುದನ್ನು ಬರಹದಲ್ಲಿ ಹೇಳುವ ದಾಖಲೆಯೇ ಸ್ಪೆಸಿಫಿಕೇಷನ್ ಅಥವಾ ನಿರ್ದಿಷ್ಟ ವಿವರಣೆ. ಅಳತೆ, ಆಕಾರಗಳನ್ನು ನಕ್ಷೆ ತೋರಿಸುತ್ತದೆ. ಗುಣದ ಮಾತು ಸ್ಪೆಸಿಫಿಕೇಷನ್ನಿನದ್ದು. ಕರಾರಿನ ಭಾಗವಾದ್ದರಿಂದ ತಕರಾರು ಎದ್ದಾಗ ಇದರ ಒಂದೊಂದು ಪದವೂ ಲೆಕ್ಕಕ್ಕೆ ಬರುತ್ತದೆ. ಪ್ರತಿ ಕಾಮಗಾರಿಗೂ ಇದನ್ನು ಹೊಸದಾಗಿ ಬರೆಯುವುದು ಆಗದ ಮಾತು. ಆದ್ದರಿಂದ ಮೊದಲೇ ಸಿದ್ಧಪಡಿಸಿಟ್ಟ ಮಾದರಿ ಪಠ್ಯವೊಂದನ್ನು ತೆಗೆದುಕೊಂಡು ಬೇಡದ್ದನ್ನು ಕಿತ್ತು, ಬೇಕಾದ್ದನ್ನು ತುಂಬುವುದು ರೂಢಿ. ಆದರೆ ಮಾನಕಗಳು ಬದಲಾಗುತ್ತವೆ, ಸಾಮಗ್ರಿಗಳು ಬದಲಾಗುತ್ತವೆ, ಕಾನೂನು ಬದಲಾಗುತ್ತದೆ. ಮಾದರಿ ಪಠ್ಯವನ್ನು ಕಾಲಕ್ಕೆ ತಕ್ಕಂತೆ ತಿದ್ದುವುದು, ತಿದ್ದಿದ್ದನ್ನು ಚಾಲ್ತಿಯಲ್ಲಿರುವ ಯೋಜನೆಗೆ ತರಬೇಕೇ ಬೇಡವೇ ಎಂದು ತೀರ್ಮಾನಿಸುವುದು ಈ ವೃತ್ತಿಯ ಅತ್ಯಂತ ಎಚ್ಚರದ ಕೆಲಸ. ಇಂದು ತಂತ್ರಾಂಶಗಳು ಮಾಡುತ್ತಿರುವುದು ಈ ಹಳೆಯ ಕೆಲಸವನ್ನೇ.

ಮಾದರಿ ಪಠ್ಯಗಳ ಸಂಗ್ರಹ ಇಂಗ್ಲೆಂಡಿನಲ್ಲಿ 19ನೇ ಶತಮಾನದಲ್ಲೇ ಇತ್ತು. ಆಲ್‌ಫ್ರೆಡ್ ಬಾರ್ಥಲೋಮ್ಯೂ 1840ರಲ್ಲಿ ವಾಸ್ತುಶಿಲ್ಪಿಗಳಿಗಾಗಿ ಸ್ಪೆಸಿಫಿಕೇಷನ್‌ಗಳ ಪುಸ್ತಕ ಪ್ರಕಟಿಸಿದ. ಸುಮಾರು ಇಪ್ಪತ್ತು ವರ್ಷಗಳ ನಂತರ ಥಾಮಸ್ ಲೆವರ್ಟನ್ ಡೊನಾಲ್ಡ್‌ಸನ್ ತನ್ನ ಕೈಪಿಡಿಯನ್ನು ತಂದ. ಇಂಥ ಪುಸ್ತಕಗಳನ್ನು ಕೊಂಡವರು ಅವುಗಳ ವಾಕ್ಯಗಳನ್ನು ನಕಲು ಮಾಡುತ್ತಿದ್ದರು. ಹೊಸ ಮುದ್ರಣ ಬರುವವರೆಗೆ ಹಳೆಯದೇ ಗತಿ. ಪುಸ್ತಕ ಇಲ್ಲದ ಕಚೇರಿಗಳಲ್ಲಿ ಹಿಂದಿನ ಕಾಮಗಾರಿಯ ಕಡತವೇ ಮಾದರಿ. ಶಾಲೆಗೆ ಬರೆದದ್ದನ್ನು ಆಸ್ಪತ್ರೆಗೆ, ಆಸ್ಪತ್ರೆಗೆ ಬರೆದದ್ದನ್ನು ಗೋದಾಮಿಗೆ ಇಳಿಸಿಕೊಳ್ಳುವ ಈ ಪದ್ಧತಿ ಇಂದಿಗೂ ಪೂರ್ತಿ ಹೋಗಿಲ್ಲ. ಹಾಗೆ ಇಳಿಸಿಕೊಂಡಾಗ ಹಳೆಯ ತಪ್ಪೂ ಜತೆಯಲ್ಲೇ ಬರುತ್ತದೆ, ಮತ್ತು ಅದು ಯಾವ ಕಾಲದಿಂದ ಬಂತೆಂದು ಹೇಳುವವರು ಯಾರೂ ಇರುವುದಿಲ್ಲ.

ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ನಿರ್ಮಾಣದ ಭರಾಟೆ ಎದ್ದಾಗ ಈ ಅವ್ಯವಸ್ಥೆ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ಸರ್ಕಾರಿ ಇಲಾಖೆಗಳಲ್ಲಿ ಸ್ಪೆಸಿಫಿಕೇಷನ್ ಬರೆಯುತ್ತಿದ್ದವರು ಸೇರಿ 1948ರಲ್ಲಿ ವಾಷಿಂಗ್ಟನ್‌ನಲ್ಲಿ ಕನ್‌ಸ್ಟ್ರಕ್ಷನ್ ಸ್ಪೆಸಿಫಿಕೇಷನ್ಸ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಸಿಎಸ್‌ಐ ಎಂದೇ ಹೆಸರಾದ ಈ ಸಂಸ್ಥೆ 1963ರಲ್ಲಿ ಇಡೀ ಕಟ್ಟಡದ ಕೆಲಸವನ್ನು 16 ವಿಭಾಗಗಳಾಗಿ ಹಂಚುವ ವಿನ್ಯಾಸವನ್ನು ಹೊರತಂದಿತು. ಕಾಂಕ್ರೀಟು 3ನೇ ವಿಭಾಗ, ಯಾಂತ್ರಿಕ ಕೆಲಸ 15, ವಿದ್ಯುತ್ 16. ಈ ವಿನ್ಯಾಸವೇ ಮುಂದೆ 1978ರಲ್ಲಿ ಕೆನಡಾದ ಸಹೋದರ ಸಂಸ್ಥೆಯ ಜತೆಗೂಡಿ ಮಾಸ್ಟರ್‌ಫಾರ್ಮ್ಯಾಟ್ ಎಂಬ ಹೆಸರು ಪಡೆಯಿತು. ಪ್ರತಿಯೊಂದು ಅಧ್ಯಾಯವನ್ನೂ ಸಾಮಾನ್ಯ ಸಂಗತಿಗಳು, ಸಾಮಗ್ರಿಗಳು, ಕೆಲಸ ಮಾಡುವ ಬಗೆ ಎಂದು ಮೂರು ಭಾಗ ಮಾಡುವ ರೂಢಿಯೂ ಇದೇ ಸಂಸ್ಥೆಯ ಕೊಡುಗೆ. ಪರಿಷ್ಕರಣೆಯ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ. ಒಂದು ವಿಷಯಕ್ಕೆ ಒಂದೇ ಜಾಗ ಎಂದು ಗೊತ್ತಾದ ಮೇಲಷ್ಟೇ ಅದನ್ನು ಹುಡುಕಿ ತಿದ್ದಲು ಸಾಧ್ಯ.

ಜಾಗ ಸಿದ್ಧವಾದ ಮೇಲೆ ಪಠ್ಯ ಬಂತು. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯ ಆಶ್ರಯದಲ್ಲಿ 1969ರಲ್ಲಿ ಮಾಸ್ಟರ್‌ಸ್ಪೆಕ್ ಶುರುವಾಯಿತು. ಬ್ರಿಟನ್ನಿನಲ್ಲಿ ಅಲ್ಲಿನ ವಾಸ್ತುಶಿಲ್ಪಿಗಳ ರಾಯಲ್ ಇನ್‌ಸ್ಟಿಟ್ಯೂಟ್‌ನ ಪ್ರಯತ್ನದಿಂದ ನ್ಯಾಷನಲ್ ಬಿಲ್ಡಿಂಗ್ ಸ್ಪೆಸಿಫಿಕೇಷನ್, ಅಂದರೆ ಎನ್‌ಬಿಎಸ್, 1973ರಲ್ಲಿ ಹೊರಬಂತು. ಸ್ವೀಡನ್ ಇವರೆಲ್ಲರಿಗಿಂತ ಮೊದಲೇ, 1950ರಲ್ಲಿ, ಎಎಂಎ ಎಂಬ ರಾಷ್ಟ್ರೀಯ ಪಠ್ಯವನ್ನು ಹೊಂದಿತ್ತು. ಚಂದಾದಾರರಾದ ಕಚೇರಿಗಳಿಗೆ ಬಿಡಿಹಾಳೆಗಳು ಅಂಚೆಯಲ್ಲಿ ಬರುತ್ತಿದ್ದವು. ಹಳೆಯ ಹಾಳೆ ತೆಗೆದು ಹೊಸದನ್ನು ಫೈಲಿಗೆ ಸೇರಿಸುವ ಕೆಲಸ ಸಾಮಾನ್ಯವಾಗಿ ಕಚೇರಿಯ ಕಿರಿಯರದ್ದು. ಹಾಳೆ ಬದಲಾಯಿತು, ಆದರೆ ಏನು ಬದಲಾಯಿತು ಎಂದು ಓದಿ ನೋಡಿದವರು ಕಡಿಮೆ. ಬದಲಾವಣೆಯನ್ನು ತಲುಪಿಸುವುದು ಸುಲಭ, ಪರಿಶೀಲಿಸುವುದು ಕಷ್ಟ ಎಂಬ ಸಮಸ್ಯೆಗೆ ಕಾಗದದ ಕಾಲದಲ್ಲಿ ಪರಿಹಾರ ಸಿಗಲೇ ಇಲ್ಲ.

ಐಬಿಎಂ ಸಂಸ್ಥೆ 1964ರಲ್ಲಿ ಮ್ಯಾಗ್ನೆಟಿಕ್ ಟೇಪಿನಲ್ಲಿ ಅಕ್ಷರ ಉಳಿಸಿಕೊಳ್ಳುವ ಬೆರಳಚ್ಚು ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಉಳಿಸಿಟ್ಟ ಪಠ್ಯವನ್ನು ತಿದ್ದಿ ಮತ್ತೆ ಮತ್ತೆ ಅಚ್ಚು ಹಾಕುವ ಅನುಕೂಲ ಸ್ಪೆಸಿಫಿಕೇಷನ್ ಬರೆಯುವವರಿಗೆ ಹೇಳಿ ಮಾಡಿಸಿದಂತಿತ್ತು. ಅದೇ ದಶಕದಲ್ಲಿ ನಾಸಾ ತನ್ನ ಕಟ್ಟಡಗಳಿಗಾಗಿ ಸ್ಪೆಕ್ಸ್‌ಇಂಟ್ಯಾಕ್ಟ್ ಎಂಬ ಗಣಕ ವ್ಯವಸ್ಥೆಯ ಕೆಲಸಕ್ಕೆ ಕೈ ಹಾಕಿತು. ಅಮೆರಿಕದ ಸೇನೆಯ ಎಂಜಿನಿಯರುಗಳೂ ನೌಕಾಪಡೆಯ ನಿರ್ಮಾಣ ವಿಭಾಗವೂ ಮುಂದೆ ಅದನ್ನೇ ಬಳಸತೊಡಗಿದವು. ಈ ಇಲಾಖೆಗಳ ಸಮಾನ ಮಾರ್ಗದರ್ಶಿ ಪಠ್ಯ ಯುಎಫ್‌ಜಿಎಸ್ ಎಂಬ ಹೆಸರಿನಲ್ಲಿ ಇಂದು ಯಾರಿಗೂ ಉಚಿತವಾಗಿ ಸಿಗುತ್ತದೆ, ಮೂರು ತಿಂಗಳಿಗೊಮ್ಮೆ ಪರಿಷ್ಕರಣೆಯಾಗುತ್ತದೆ.

ಈ ಪಠ್ಯವನ್ನು ಹತ್ತಿರದಿಂದ ನೋಡಿದರೆ ಮಾದರಿ ಪಠ್ಯದ ರಚನೆ ಚೆನ್ನಾಗಿ ಅರ್ಥವಾಗುತ್ತದೆ. ಕಾಂಕ್ರೀಟಿನ ಒಂದು ಅಧ್ಯಾಯ ತೆರೆದರೆ ಮೊದಲಿಗೆ ತಯಾರಿಸಿದ ಇಲಾಖೆಯ ಹೆಸರು, ಪರಿಷ್ಕರಣೆಯ ತಿಂಗಳು ಮತ್ತು ವರ್ಷ. ನಂತರ ನಕ್ಷತ್ರ ಚಿಹ್ನೆಗಳ ಸಾಲಿನ ನಡುವೆ ವಿನ್ಯಾಸಕಾರರಿಗೆ ಟಿಪ್ಪಣಿ: ಇದನ್ನು ಯಾವ ಸಂದರ್ಭದಲ್ಲಿ ಬಳಸಬೇಕು, ಯಾವಾಗ ಬಿಡಬೇಕು. ಪಠ್ಯದೊಳಗೆ ಆಯ್ಕೆಗಳು ಚೌಕ ಆವರಣಗಳಲ್ಲಿ ನಿಂತಿರುತ್ತವೆ. ಒಂದನ್ನು ಉಳಿಸಿ ಉಳಿದವನ್ನು ಅಳಿಸಬೇಕು, ಖಾಲಿ ಬಿಟ್ಟ ಜಾಗ ತುಂಬಬೇಕು. ಅಳಿಸದೆ ಉಳಿದ ಆವರಣಗಳನ್ನು ತಂತ್ರಾಂಶವೇ ಹುಡುಕಿ ಪಟ್ಟಿ ಕೊಡುತ್ತದೆ. ಪಠ್ಯದಲ್ಲಿ ಹೆಸರಿಸಿದ ಮಾನಕ ಆರಂಭದ ಉಲ್ಲೇಖ ಪಟ್ಟಿಯಲ್ಲಿ ಇದೆಯೇ, ಪಟ್ಟಿಯಲ್ಲಿರುವುದು ಪಠ್ಯದಲ್ಲಿ ನಿಜವಾಗಿ ಬಳಕೆಯಾಗಿದೆಯೇ ಎಂದೂ ತಾಳೆ ನೋಡುತ್ತದೆ. ಮಾನಕಗಳ ವರ್ಷವನ್ನು ಪ್ರತಿ ಅಧ್ಯಾಯದಲ್ಲೂ ಕೈಯಿಂದ ತಿದ್ದುವ ಬದಲು ಕೇಂದ್ರ ಪಟ್ಟಿಯೊಂದರಿಂದ ತರಲಾಗುತ್ತದೆ. ಮನುಷ್ಯನ ಕಣ್ಣು ದಣಿಯುವ ಜಾಗ ಯಾವುದು, ಯಂತ್ರಕ್ಕೆ ಬಿಡಬಹುದಾದದ್ದು ಯಾವುದು ಎಂದು ಇಷ್ಟು ಸ್ಪಷ್ಟವಾಗಿ ಗುರುತಿಸಿದ ವ್ಯವಸ್ಥೆಗಳು ಕಡಿಮೆ.

ಆದರೂ ಯಂತ್ರಕ್ಕೆ ಬಿಡಲಾಗದ ಒಂದು ಕಗ್ಗಂಟು ಉಳಿಯಿತು. ಪ್ರಕಾಶಕರ ಹಳೆಯ ಮಾದರಿ ಒಂದು, ಹೊಸ ಮಾದರಿ ಇನ್ನೊಂದು, ಇವೆರಡರ ನಡುವೆ ಕಚೇರಿ ತನ್ನ ಅನುಭವದಿಂದ ತಿದ್ದಿಕೊಂಡ ಮೂರನೆಯದು. ಉದಾಹರಣೆಗೆ, ತಾರಸಿಯ ಜಲನಿರೋಧಕ ಕೆಲಸದಲ್ಲಿ 24 ಗಂಟೆ ನೀರು ನಿಲ್ಲಿಸಿ ಸೋರಿಕೆ ನೋಡಬೇಕೆಂದು ಮಾದರಿ ಹೇಳುತ್ತದೆ ಎಂದಿಟ್ಟುಕೊಳ್ಳೋಣ. ಕಚೇರಿ ಅದನ್ನು 48 ಗಂಟೆ ಮಾಡಿಕೊಂಡಿದೆ. ಈಗ ಪ್ರಕಾಶಕರು ಅದೇ ವಾಕ್ಯವನ್ನು ಬದಲಿಸಿ, ನೀರು ತುಂಬುವ ಮುನ್ನ ಆ ಭಾರವನ್ನು ಸ್ಲ್ಯಾಬ್ ತಡೆಯುವುದೇ ಎಂದು ಖಚಿತಪಡಿಸಿಕೊಳ್ಳಬೇಕು ಎಂಬ ಮಾತು ಸೇರಿಸುತ್ತಾರೆ. ಹೊಸದನ್ನು ಹಾಗೇ ಒಪ್ಪಿಕೊಂಡರೆ 48 ಗಂಟೆ ಹೋಗಿ 24 ಬರುತ್ತದೆ. ತಿರಸ್ಕರಿಸಿದರೆ ಸುರಕ್ಷತೆಯ ಮಾತು ಕೈತಪ್ಪುತ್ತದೆ. ಸರಿಯಾದ ಉತ್ತರ ಎರಡನ್ನೂ ಸೇರಿಸಿ ಹೊಸ ವಾಕ್ಯ ಬರೆಯುವುದು, ಅದನ್ನು ವಿಷಯ ಬಲ್ಲ ಎಂಜಿನಿಯರೇ ಮಾಡಬೇಕು.

ತಂತ್ರಾಂಶಗಳ ಬೆಳವಣಿಗೆಯನ್ನು ಅಳೆಯಲು ನನ್ನ ದೃಷ್ಟಿಯಲ್ಲಿ ಇದೇ ಒರೆಗಲ್ಲು. ವರ್ಡ್ ಕಡತಗಳ ಕಾಲದಲ್ಲಿ ಹೊಸ ಕಡತ ಹಳೆಯದರ ಮೇಲೆ ಕೂರುತ್ತಿತ್ತು, ಇಲ್ಲವೇ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಹೋಲಿಕೆ ಮಾಡುವುದು ಕಚೇರಿಯ ಪಾಡು. ಪಠ್ಯವನ್ನು ಕಡತದ ಬದಲು ದತ್ತಸಂಚಯದಲ್ಲಿ ಒಂದೊಂದೇ ಕಂಡಿಕೆಯಾಗಿ ಇಟ್ಟ ಮೇಲೆ ಪರಿಸ್ಥಿತಿ ಬದಲಾಯಿತು. ಅಮೆರಿಕದ ಸ್ಪೆಕ್‌ಲಿಂಕ್ ಈ ದಾರಿ ಹಿಡಿದವುಗಳಲ್ಲಿ ಒಂದು, ಎನ್‌ಬಿಎಸ್ ಕೂಡ ಮುಂದೆ ಇದೇ ದಾರಿಗೆ ಬಂತು. ಇಂಥ ವ್ಯವಸ್ಥೆಯಲ್ಲಿ ಕಂಡಿಕೆ ಪ್ರಕಾಶಕರದ್ದೋ ಬಳಕೆದಾರರು ತಿದ್ದಿದ್ದೋ ಎಂದು ಗೊತ್ತಿರುತ್ತದೆ. ಪರಿಷ್ಕರಣೆ ಬಂದಾಗ ಅಳಿದ ಪದಗಳ ಮೇಲೆ ಗೆರೆ, ಸೇರಿದ ಪದಗಳ ಕೆಳಗೆ ಗೆರೆ ಎಳೆದು ಹಳತು ಹೊಸತನ್ನು ಜತೆಯಲ್ಲೇ ತೋರಿಸಬಹುದು. ಒಪ್ಪಿಗೆ ಅಥವಾ ನಿರಾಕರಣೆ ಒಂದೊಂದೇ ಕಂಡಿಕೆಗೆ. ಎಲ್ಲವನ್ನೂ ಒಂದೇ ಏಟಿಗೆ ಒಪ್ಪಿಕೊಳ್ಳುವ ಗುಂಡಿಯೂ ಹಲವು ಕಡೆ ಇರುತ್ತದೆ. ಗಡುವು ತಲೆಯ ಮೇಲೆ ಕೂತಿರುವಾಗ ಆ ಗುಂಡಿ ಒತ್ತುವವರು ಬಹಳ, ಅದರ ಬೆಲೆ ತಿಳಿಯುವುದು ಕಾಮಗಾರಿಯ ಸ್ಥಳದಲ್ಲಿ.

ಪಠ್ಯಕ್ಕೆ ಬಂದ ದೊಡ್ಡ ಕದಲಿಕೆ 2004ರದ್ದು. ಆ ವರ್ಷದ ಮಾಸ್ಟರ್‌ಫಾರ್ಮ್ಯಾಟ್ 16 ವಿಭಾಗಗಳನ್ನು 50ಕ್ಕೆ ಹಿಗ್ಗಿಸಿತು. ಮುಂದಿನ ಬಳಕೆಗೆಂದು ಹಲವನ್ನು ಖಾಲಿ ಬಿಟ್ಟಿತು. ಐದಂಕಿಯ ಸಂಖ್ಯೆಗಳು ಆರಂಕಿಯಾದವು. 03300 ಇದ್ದ ಸ್ಥಳದಲ್ಲೇ ಸುರಿಯುವ ಕಾಂಕ್ರೀಟು 03 30 00 ಆಯಿತು. ಇಷ್ಟೇ ಆಗಿದ್ದರೆ ಗಣಕವೇ ಬದಲಿಸಿಬಿಡುತ್ತಿತ್ತು. ಆದರೆ 15ನೇ ವಿಭಾಗ ಒಡೆದು ಅಗ್ನಿಶಾಮಕ 21, ನಲ್ಲಿ ಕೊಳಾಯಿ 22, ಹವಾನಿಯಂತ್ರಣ 23 ಎಂದಾಯಿತು. 16ನೆಯದರಿಂದ ವಿದ್ಯುತ್ 26ಕ್ಕೆ ಹೋಯಿತು, ಸಂಪರ್ಕ 27ಕ್ಕೆ. ಎಲೆಕ್ಟ್ರಾನಿಕ್ ಭದ್ರತೆಗೆ 28 ಸಿಕ್ಕಿತು. ಒಂದು ಅಧ್ಯಾಯ ಇನ್ನೊಂದನ್ನು ಸಂಖ್ಯೆಯಿಂದ ಹೆಸರಿಸಿದ್ದ ಕಡೆಯಲ್ಲೆಲ್ಲ ಕೊಂಡಿ ಕಳಚಿತು. ನಕ್ಷೆಯ ಟಿಪ್ಪಣಿ, ವೆಚ್ಚದ ಪಟ್ಟಿ, ಉತ್ಪನ್ನಗಳ ಕ್ಯಾಟಲಾಗು ಎಲ್ಲಕ್ಕೂ ಇದರ ಬಿಸಿ ತಟ್ಟಿತು. ಹಳೆಯ ಸಂಖ್ಯೆಗಳನ್ನು ವರ್ಷಗಟ್ಟಲೆ ಬಿಡದ ಕಚೇರಿಗಳೂ ಇದ್ದವು. ಆದರೂ ಆ ಬದಲಾವಣೆ ಬೇಕೇ ಇತ್ತು. ಗಣಕ ಜಾಲ, ಕ್ಯಾಮೆರಾ, ಅಗ್ನಿ ಎಚ್ಚರಿಕೆ ವ್ಯವಸ್ಥೆಗಳಿಗೆ 1963ರ ಚೌಕಟ್ಟಿನಲ್ಲಿ ತಮ್ಮದೇ ವಿಭಾಗವಿರಲಿಲ್ಲ.

ಕಾನೂನೂ ಪಠ್ಯವನ್ನು ದಿಢೀರನೆ ಹಳತಾಗಿಸಬಲ್ಲದು. ಲಂಡನ್ನಿನ ಗ್ರೆನ್‌ಫೆಲ್ ಗೋಪುರದಲ್ಲಿ 2017ರ ಜೂನ್ 14ರಂದು ಹೊತ್ತಿದ ಬೆಂಕಿ 72 ಜೀವಗಳನ್ನು ಬಲಿ ತೆಗೆದುಕೊಂಡಿತು. ಹೊರಗೋಡೆಗೆ ಹೊದಿಸಿದ್ದ ಸುಡಬಲ್ಲ ಹಲಗೆಗಳು ಬೆಂಕಿಯನ್ನು ಮೇಲಕ್ಕೆ ಒಯ್ದಿದ್ದವು. 2018ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ 18 ಮೀಟರಿಗಿಂತ ಎತ್ತರದ ವಸತಿ ಕಟ್ಟಡಗಳ ಹೊರಗೋಡೆಯಲ್ಲಿ ಅಂಥ ಸಾಮಗ್ರಿಯನ್ನು ನಿಷೇಧಿಸಿತು. ಆ ನಿಷೇಧಕ್ಕೆ ಮುಂಚಿನ ಹೊರಗೋಡೆಯ ಕಂಡಿಕೆಯೊಂದು ಯಾವುದೋ ಕಚೇರಿಯ ಮಾದರಿಯಲ್ಲಿ ಹಾಗೇ ಉಳಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಭಾರತದಲ್ಲಿ ಮಾದರಿ ಪಠ್ಯದ ಪ್ರಮುಖ ಆಕರ ಕೇಂದ್ರ ಲೋಕೋಪಯೋಗಿ ಇಲಾಖೆ, ಅಂದರೆ ಸಿಪಿಡಬ್ಲ್ಯುಡಿ. ಇದರ ಸ್ಪೆಸಿಫಿಕೇಷನ್‌ಗಳು 1977, 1996, 2009, 2019ರ ಆವೃತ್ತಿಗಳಲ್ಲಿ ಬಂದಿವೆ. ಕೊನೆಯ ಎರಡೂ ತಲಾ ಎರಡು ಸಂಪುಟಗಳು. ಎರಡು ಆವೃತ್ತಿಗಳ ನಡುವಿನ ಬದಲಾವಣೆಗಳು ಕರೆಕ್ಷನ್ ಸ್ಲಿಪ್ ಎಂಬ ತಿದ್ದೋಲೆಗಳಾಗಿ ಬರುತ್ತವೆ. ಟೆಂಡರಿನಲ್ಲಿ ‘ಈವರೆಗಿನ ತಿದ್ದೋಲೆಗಳೂ ಸೇರಿದಂತೆ’ ಎಂಬ ಅರ್ಥದ ಮಾತು ಇರುತ್ತದೆ. ಯಾವ ದಿನದವರೆಗಿನ ತಿದ್ದೋಲೆ ಎಂಬುದೇ ಇಲ್ಲಿ ಮುಖ್ಯ. ಟೆಂಡರ್ ಸಲ್ಲಿಸುವ ಕೊನೆಯ ದಿನವನ್ನು ಗಡಿಯಾಗಿ ಹೇಳುವುದು ನ್ಯಾಯವಾದ ಕ್ರಮ. ನಂತರ ಬಂದ ತಿದ್ದುಪಡಿಯನ್ನು ಗುತ್ತಿಗೆದಾರರ ಮೇಲೆ ಹೇರಿದರೆ ದರದ ತಕರಾರು ಖಂಡಿತ. ವಿದೇಶಿ ತಂತ್ರಾಂಶಗಳು ಚಾಲ್ತಿ ಯೋಜನೆಯ ಪಠ್ಯವನ್ನು ತಾವಾಗಿ ಬದಲಿಸದೆ ಕೇಳಿ ಮುಂದುವರಿಯುವುದರ ಹಿಂದೆ ಇರುವುದೂ ಇದೇ ವಿವೇಕ.

ಭಾರತೀಯ ಮಾನಕಗಳ ಬದಲಾವಣೆ ಪಠ್ಯವನ್ನು ಹೇಗೆ ತಟ್ಟುತ್ತದೆ ಎಂಬುದಕ್ಕೆ ಕಾಂಕ್ರೀಟಿನ ಸಂಹಿತೆ ಐಎಸ್ 456 ಒಳ್ಳೆಯ ನಿದರ್ಶನ. 1978ರ ಆವೃತ್ತಿಯಲ್ಲಿ ಆರ್‌ಸಿಸಿಗೆ, ಅಂದರೆ ಸರಳು ಹಾಕಿದ ಕಾಂಕ್ರೀಟಿಗೆ, ಕನಿಷ್ಠ ದರ್ಜೆ ಎಂ15. 2000ದ ಆವೃತ್ತಿ ಅದನ್ನು ಎಂ20ಕ್ಕೆ ಏರಿಸಿತು. ಮೇಸ್ತ್ರಿಗಳ ಬಾಯಲ್ಲಿ ‘ಒಂದು-ಎರಡು-ನಾಲ್ಕು’ ಎಂದು ಉಳಿದಿರುವ ಮಿಶ್ರಣ ಸ್ಥೂಲವಾಗಿ ಎಂ15. ಹಳೆಯ ಕಡತದಿಂದ ಇಳಿಸಿಕೊಂಡ ಅಂದಾಜುಪಟ್ಟಿಯಲ್ಲಿ ಆ ಅನುಪಾತ ಉಳಿದುಬಿಟ್ಟು, ಮುಖಪುಟದಲ್ಲಿ ಮಾತ್ರ ‘ಐಎಸ್ 456:2000 ಪ್ರಕಾರ’ ಎಂದಿದ್ದರೆ ಒಂದೇ ದಾಖಲೆ ಎರಡು ಮಾತಾಡಿದಂತೆ. ಪೂರ್ತಿ ಹಳೆಯ ಪಠ್ಯಕ್ಕಿಂತ ಹೀಗೆ ಅರ್ಧ ತಿದ್ದಿದ ಪಠ್ಯವೇ ಹೆಚ್ಚು ಅಪಾಯಕಾರಿ. ಹಳೆಯದನ್ನು ನೋಡಿದ ಕೂಡಲೇ ಗುರುತಿಸಬಹುದು. ಅರ್ಧ ತಿದ್ದಿದ್ದು ಹೊಸದರಂತೆ ಕಾಣುತ್ತದೆ.

ಕರ್ನಾಟಕಕ್ಕೆ ಹೆಚ್ಚು ಹತ್ತಿರದ ಉದಾಹರಣೆ ಮರಳಿನದ್ದು. ನದಿ ಮರಳಿನ ಕೊರತೆಯಿಂದ ಇಲ್ಲಿ ಕಲ್ಲು ಪುಡಿಮಾಡಿ ತಯಾರಿಸಿದ ಮರಳು, ಅಂದರೆ ಎಂ-ಸ್ಯಾಂಡ್, ಬಳಕೆ ವ್ಯಾಪಕವಾಯಿತು. ಆದರೆ ಜಲ್ಲಿ ಮತ್ತು ಮರಳಿನ ಮಾನಕವಾದ ಐಎಸ್ 383ರ 1970ರ ಆವೃತ್ತಿಯ ಶೀರ್ಷಿಕೆಯಲ್ಲೇ ‘ನೈಸರ್ಗಿಕ ಮೂಲಗಳಿಂದ’ ದೊರೆತವು ಎಂಬ ಮಿತಿ ಇತ್ತು. 2016ರ ಆವೃತ್ತಿ ಆ ಮಿತಿಯನ್ನು ತೆಗೆದು ತಯಾರಿಸಿದ ಜಲ್ಲಿ, ಮರಳುಗಳನ್ನೂ ಒಳಗೆ ತಂದಿತು. ಕ್ರಷರ್‌ನಿಂದ ಬಂದ ಪುಡಿಗೂ ಆಕಾರ, ಗಾತ್ರ ಹದಗೊಳಿಸಿದ ಎಂ-ಸ್ಯಾಂಡಿಗೂ ಇರುವ ವ್ಯತ್ಯಾಸವನ್ನು ಸ್ಪೆಸಿಫಿಕೇಷನ್ ಹೇಳದಿದ್ದರೆ ಲಾರಿಯಲ್ಲಿ ಬಂದದ್ದೇ ಮರಳು. ವರ್ಷವಿಲ್ಲದೆ ಬರೀ ‘ಐಎಸ್ 383’ ಎಂದು ಬರೆದ ಕಂಡಿಕೆಯಲ್ಲಿ ಈ ಬದಲಾವಣೆ ಯಾರ ಕಣ್ಣಿಗೂ ಬೀಳದೆ ದಾಟಿಹೋಗುತ್ತದೆ.

ರಾಜ್ಯದ ಲೋಕೋಪಯೋಗಿ ಇಲಾಖೆಯ ದರಪಟ್ಟಿ, ಎಂಜಿನಿಯರುಗಳು ಎಸ್‌.ಆರ್. ಎಂದೇ ಕರೆಯುವುದು, ಸ್ಪೆಸಿಫಿಕೇಷನ್ನಿನ ಸೋದರ ದಾಖಲೆ. ಅದರ ಪ್ರತಿ ಬಾಬಿನ ವಿವರಣೆಯೂ ಒಂದು ಕಿರು ಸ್ಪೆಸಿಫಿಕೇಷನ್. ಎಸ್‌.ಆರ್. ಪರಿಷ್ಕರಣೆಯಾದಾಗ ದರವನ್ನು ಮಾತ್ರ ಬದಲಿಸಿ ವಿವರಣೆಯನ್ನು ಹಾಗೇ ಬಿಡುವ ಅಭ್ಯಾಸ ಕೆಲವೆಡೆ ಇದೆ. ವಿವರಣೆಯನ್ನೂ ಸಾಲು ಸಾಲಾಗಿ ಓದಿ ನೋಡುವುದು ಅಂದಾಜು ತಯಾರಿಸುವವರ ಹೊಣೆ.

ಕಚೇರಿ ಸಣ್ಣದಿರಲಿ ದೊಡ್ಡದಿರಲಿ, ತಂತ್ರಾಂಶವಿರಲಿ ಬರೀ ವರ್ಡ್ ಕಡತವಿರಲಿ, ಈ ಕೆಲಸಕ್ಕೆ ಬೇಕಾದ ಕನಿಷ್ಠ ಸಾಮಗ್ರಿ ಒಂದು ರಿಜಿಸ್ಟರು: ಯಾವ ಕಂಡಿಕೆ, ಯಾವ ಮಾನಕದ ಯಾವ ವರ್ಷದ ಆವೃತ್ತಿ, ತಿದ್ದುಪಡಿ ಬಂದ ದಿನಾಂಕ, ಒಪ್ಪಿದವರ ಅಥವಾ ನಿರಾಕರಿಸಿದವರ ಸಹಿ, ಕಾರಣ. ಇನ್ನೂ ಅದನ್ನು ಇಡದ ಕಚೇರಿಗಳು ಮುಂದಿನ ಟೆಂಡರ್ ಕರೆಯುವ ಮುನ್ನ ಶುರು ಮಾಡಲಿ.