ಎರಡು ತೀರ್ಪುಗಳ ನಡುವೆ ಚಕ್ ಬೆರಿ

ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರಕ್ಕೆ ಅಂಟಿಕೊಂಡೇ ಯೂನಿವರ್ಸಿಟಿ ಸಿಟಿ ಎಂಬ ಊರಿದೆ. ಅಲ್ಲಿನ ಡೆಲ್ಮಾರ್ ರಸ್ತೆಯಲ್ಲಿ 2011ರ ಜುಲೈನಲ್ಲಿ ಚಕ್ ಬೆರಿಯ ಎಂಟಡಿ ಎತ್ತರದ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಆಗ 84 ದಾಟಿದ್ದ ಬೆರಿ ಸ್ವತಃ ಬಂದಿದ್ದ. ಅದಕ್ಕೂ ಮೊದಲು ಊರಿನ ಕೆಲವರು ಸಹಿ ಸಂಗ್ರಹಿಸಿ ತಕರಾರು ಎತ್ತಿದ್ದರು. ಶಿಕ್ಷೆಯಾಗಿ ಜೈಲು ಕಂಡವನ ಪ್ರತಿಮೆಯನ್ನು ಸಾರ್ವಜನಿಕ ಜಾಗದಲ್ಲಿ ನಿಲ್ಲಿಸಿ ಮಕ್ಕಳಿಗೆ ಏನು ಹೇಳಿಕೊಡುತ್ತೀರಿ ಎಂಬುದು ಅವರ ಪ್ರಶ್ನೆ. ಅವನ ಅಭಿಮಾನಿಗಳ ಬಳಿ ಇಂಥ ಪ್ರಶ್ನೆಗೆ ಬಹುಕಾಲದಿಂದ ಒಂದೇ ಉತ್ತರವಿದೆ: ಅದು ವರ್ಣದ್ವೇಷದ ಕಾಲ, ವರ್ಣದ್ವೇಷಿ ನ್ಯಾಯಾಧೀಶ, ಕಪ್ಪು ಗಾಯಕನನ್ನು ಸಿಕ್ಕಿಸಿ ಒಳಗೆ ಹಾಕಿದರು.

ಎರಡೂ ಮಾತು ನಿಜವಿರಬಹುದು ಅನ್ನಿಸಿದಾಗಲೇ ನನಗೆ ಮೂಲ ಕಾಗದಗಳನ್ನು ನೋಡಬೇಕೆನಿಸಿತು. ನಾನು ಹುಡುಕಿ ಹೊರಟದ್ದು ತೀರ ಸಣ್ಣ ಪ್ರಶ್ನೆಗೆ ಉತ್ತರ. ಬೆರಿಯನ್ನು ಜೈಲಿಗೆ ಕಳಿಸಿದ್ದು ಯಾವ ತೀರ್ಪು?

ಬೆರಿ ಯಾರೆಂದು ಗೊತ್ತಿಲ್ಲದವರಿಗೆ ಎರಡು ಮಾತು. 1955ರ ‘ಮೇಬೆಲೀನ್’, 1958ರ ‘ಜಾನಿ ಬಿ. ಗುಡ್’ ಇಲ್ಲದಿದ್ದರೆ ರಾಕ್ ಸಂಗೀತದ ಗಿಟಾರು ಈಗಿನಂತೆ ನುಡಿಯುತ್ತಿರಲಿಲ್ಲ. ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಇಬ್ಬರೂ ಅವನ ಹಾಡುಗಳನ್ನು ಕಲಿತು ಬೆಳೆದವರು. 1977ರಲ್ಲಿ ನಾಸಾ ವಾಯೇಜರ್ ನೌಕೆಗಳಲ್ಲಿ ಕಳಿಸಿದ ಚಿನ್ನದ ಲೇಪದ ಧ್ವನಿಮುದ್ರಿಕೆಯಲ್ಲಿ ಇರುವ ಏಕೈಕ ರಾಕ್ ಹಾಡು ‘ಜಾನಿ ಬಿ. ಗುಡ್’. ಅದೇ ತಟ್ಟೆಯಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿ ಇದೆ. 55 ಭಾಷೆಗಳ ಶುಭಾಶಯಗಳ ಸಾಲಿನಲ್ಲಿ ಕನ್ನಡಿಗರ ಪರವಾಗಿ ಒಂದು ಕನ್ನಡದ ದನಿಯೂ ಇದೆ. ಮನುಷ್ಯಕುಲ ತನ್ನ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳಲು ಆಯ್ದ ಪಟ್ಟಿಯಲ್ಲಿ ನಮ್ಮ ದನಿ, ಅವನ ದನಿ ಎರಡೂ ಇವೆ. ಹಾಗಾಗಿ ಈ ಮನುಷ್ಯನನ್ನು ಹೇಗೆ ತೂಗಬೇಕೆಂಬುದು ಅಮೆರಿಕದವರ ತಲೆನೋವು ಮಾತ್ರ ಎಂದು ನಾನು ಭಾವಿಸಲಿಲ್ಲ.

ಪ್ರಕರಣ ಶುರುವಾದದ್ದು 1959ರ ಡಿಸೆಂಬರಿನಲ್ಲಿ. ಸಂಗೀತ ಪ್ರವಾಸದಲ್ಲಿದ್ದ ಬೆರಿಗೆ ಮೆಕ್ಸಿಕೊ ಗಡಿಯ ಹತ್ತಿರ ಒಬ್ಬ ಹುಡುಗಿ ಸಿಕ್ಕಳು. ಅಪಾಚೆ ಜನಾಂಗದವಳು, ವಯಸ್ಸು 14. ಆತ ಅವಳನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು, ಊರೂರಿನಲ್ಲಿ ಕಾರ್ಯಕ್ರಮ ಕೊಡುತ್ತಾ, ರಾಜ್ಯದಿಂದ ರಾಜ್ಯಕ್ಕೆ ದಾಟಿ ಸೇಂಟ್ ಲೂಯಿಸ್‌ಗೆ ಕರೆತಂದ. ಅಲ್ಲಿ ಅವನದೇ ಕ್ಲಬ್ಬು ‘ಕ್ಲಬ್ ಬ್ಯಾಂಡ್‌ಸ್ಟ್ಯಾಂಡ್’ ಇತ್ತು. ಕಪ್ಪುಜನ ಬಿಳಿಯರು ಒಟ್ಟಿಗೆ ಕೂತು ಹಾಡು ಕೇಳುತ್ತಿದ್ದ ಜಾಗ. ಬಂದವರ ಟೋಪಿ, ಕೋಟು ತೆಗೆದಿಟ್ಟುಕೊಳ್ಳುವ ಕೆಲಸಕ್ಕೆ ಅವಳನ್ನು ಹಚ್ಚಿದ. ಕೆಲವೇ ದಿನಗಳಲ್ಲಿ ಕೆಲಸದಿಂದ ತೆಗೆದ. ಪರಊರಿನಲ್ಲಿ ಕೈಬಿಟ್ಟುಹೋದ ಹುಡುಗಿ ತನ್ನೂರಿನ ಪೊಲೀಸರಿಗೆ ಫೋನು ಮಾಡಿದಳು. ಕ್ರಿಸ್‌ಮಸ್‌ಗೆ ಮುಂಚೆಯೇ ಬೆರಿಯ ಬಂಧನವಾಯಿತು. ಅವಳಿಗೆ ಇಪ್ಪತ್ತು ದಾಟಿದೆ ಎಂದುಕೊಂಡಿದ್ದೆ ಎಂಬುದು ಅವನ ವಾದ.

ಅವನ ಮೇಲೆ ಹೇರಿದ್ದು 1910ರ ಮಾನ್ ಕಾಯ್ದೆ. ಸರ್ಕಾರಿ ಕಾಗದದಲ್ಲಿ ಅದರ ಹೆಸರು ‘ಬಿಳಿ ಗುಲಾಮಗಿರಿ ಸಾಗಾಟ ಕಾಯ್ದೆ’. ವೇಶ್ಯಾವಾಟಿಕೆಗೋ ‘ಬೇರಾವುದೇ ಅನೈತಿಕ ಉದ್ದೇಶ’ಕ್ಕೋ ಹೆಣ್ಣನ್ನು ರಾಜ್ಯದ ಗಡಿ ದಾಟಿಸುವುದು ಅಪರಾಧ ಎಂದು ಅದು ಹೇಳುತ್ತಿತ್ತು. ಅನೈತಿಕ ಎಂದರೇನು ಎಂದು ವಿವರಿಸದ ಕಾರಣ ಅದು ಯಾರ ಕೈಯಲ್ಲಿದೆಯೋ ಅವರಿಗೆ ಬೇಕಾದಂತೆ ಬೀಸಬಹುದಾದ ಕತ್ತಿಯಾಗಿತ್ತು. ಮೊದಲ ಕಪ್ಪು ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಜಾಕ್ ಜಾನ್ಸನ್‌ಗೆ 1913ರಲ್ಲಿ ಶಿಕ್ಷೆಯಾದದ್ದು ಇದರಡಿಯೇ. ಅವನ ನಿಜವಾದ ತಪ್ಪು ಬಿಳಿಯ ಹೆಂಗಸರ ಜೊತೆ ತಲೆಯೆತ್ತಿ ಓಡಾಡಿದ್ದು. 2018ರಲ್ಲಿ ಅವನಿಗೆ ಮರಣೋತ್ತರ ಕ್ಷಮಾದಾನ ಸಿಕ್ಕಿತು. ಆ ಅಸ್ಪಷ್ಟ ಮಾತನ್ನು ಕಾಯ್ದೆಯಿಂದ ಕಿತ್ತದ್ದು 1986ರಲ್ಲಿ.

ಹೀಗಾಗಿ ಬೆರಿಯ ಕಡತ ಬಿಡಿಸುವಾಗ ಜಾನ್ಸನ್‌ನ ಕತೆಯೇ ಮತ್ತೊಮ್ಮೆ ಸಿಗುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಮೊದಲ ವಿಚಾರಣೆ ನೋಡಿದರೆ ಅದಕ್ಕೆ ತಕ್ಕಂತೆಯೇ ಇದೆ. 1960ರ ಮಾರ್ಚ್. ನ್ಯಾಯಾಧೀಶ ಜಾರ್ಜ್ ಎಚ್. ಮೂರ್. ಜ್ಯೂರಿಯಲ್ಲಿ ಕೂತವರೆಲ್ಲ ಬಿಳಿಯರು. ಬೆರಿ ತಪ್ಪಿತಸ್ಥ ಎಂದಾಯಿತು. ಐದು ವರ್ಷ ಸೆರೆ, 5,000 ಡಾಲರ್ ದಂಡ.

ಇದರ ವಿರುದ್ಧ ಬೆರಿ ಎಂಟನೇ ವಲಯದ ಮೇಲ್ಮನವಿ ನ್ಯಾಯಾಲಯಕ್ಕೆ ಹೋದ. 1960ರ ಅಕ್ಟೋಬರಿನಲ್ಲಿ ಆ ನ್ಯಾಯಾಲಯ ಕೊಟ್ಟ ತೀರ್ಪು ‘ಫೆಡರಲ್ ರಿಪೋರ್ಟರ್’ನ ಎರಡನೆಯ ಸರಣಿಯ 283ನೇ ಸಂಪುಟದಲ್ಲಿ, 465ನೇ ಪುಟದಿಂದ ಅಚ್ಚಾಗಿದೆ. ಯಾರು ಬೇಕಾದರೂ ಓದಬಹುದು. ವಿಚಾರಣೆ ನಡೆಸಬೇಕಾದ ನ್ಯಾಯಾಧೀಶ ಸಾಕ್ಷಿಗಳ ಮಾತಿನ ನಡುವೆ ತಾನೇ ಬಾಯಿ ಹಾಕಿ, ಪ್ರಕರಣಕ್ಕೆ ಬೇಕಿಲ್ಲದ ಕಡೆಯೂ ಮನುಷ್ಯರ ಬಣ್ಣವನ್ನು ಎಳೆದು ತಂದದ್ದು ಅಲ್ಲಿ ದಾಖಲಾಗಿದೆ. ಆರೋಪಿಯ ವರ್ಣಕ್ಕೂ ಅವನ ತಪ್ಪಿಗೂ ಸಂಬಂಧವಿದೆಯೇನೋ ಎಂಬ ಭಾವ ಜ್ಯೂರಿಯ ಮನಸ್ಸಿನಲ್ಲಿ ಮೂಡುವಂತೆ ನ್ಯಾಯಾಧೀಶನೇ ಮಾತಾಡಿದರೆ ಅಲ್ಲಿಗೆ ನ್ಯಾಯಯುತ ವಿಚಾರಣೆ ಅಸಾಧ್ಯವಾಗುತ್ತದೆ ಎಂದು ಮೇಲಿನ ನ್ಯಾಯಾಲಯ ಖಡಾಖಂಡಿತವಾಗಿ ಹೇಳಿತು. 1960ರಲ್ಲಿ, ಸೇಂಟ್ ಲೂಯಿಸ್‌ನ ಒಬ್ಬ ಕಪ್ಪು ಗಾಯಕನ ಪ್ರಕರಣದಲ್ಲಿ, ಒಂದು ಫೆಡರಲ್ ನ್ಯಾಯಾಲಯ ಇನ್ನೊಬ್ಬ ಫೆಡರಲ್ ನ್ಯಾಯಾಧೀಶನ ಬಗ್ಗೆ ಹೀಗೆ ಬರೆಯಿತೆಂಬುದು ಸಣ್ಣ ಸಂಗತಿಯಲ್ಲ. ಶಿಕ್ಷೆ ರದ್ದಾಯಿತು.

ಅಭಿಮಾನಿಗಳ ಕತೆ ಸಾಮಾನ್ಯವಾಗಿ ಇಲ್ಲಿಗೆ ನಿಂತು, ಮುಂದಿನ ವಾಕ್ಯದಲ್ಲಿ ನೇರವಾಗಿ ಜೈಲಿಗೆ ಹಾರುತ್ತದೆ. ನಡುವೆ ಒಂದು ವರ್ಷ ಕಾಣೆಯಾಗುತ್ತದೆ. ನ್ಯಾಯಾಲಯ ಬೆರಿಯನ್ನು ಬಿಡುಗಡೆ ಮಾಡಲಿಲ್ಲ, ಮರುವಿಚಾರಣೆಗೆ ಕಳಿಸಿತು. 1961ರಲ್ಲಿ ಎರಡನೇ ವಿಚಾರಣೆ ನಡೆಯಿತು. ಈ ಸಲವೂ ತಪ್ಪಿತಸ್ಥ ಎಂದೇ ಆಯಿತು. ಸೆರೆ ಮೂರು ವರ್ಷಕ್ಕೆ ಇಳಿಯಿತು. ಬೆರಿ ಮತ್ತೆ ಅದೇ ಮೇಲ್ಮನವಿ ನ್ಯಾಯಾಲಯದ ಬಾಗಿಲು ತಟ್ಟಿದ. ಮೊದಲ ತೀರ್ಪನ್ನು ವರ್ಣದ ಕಾರಣಕ್ಕೆ ಹರಿದು ಹಾಕಿದ್ದ ಅದೇ ನ್ಯಾಯಾಲಯ ಎರಡನೆಯದನ್ನು ಎತ್ತಿಹಿಡಿಯಿತು. 295ನೇ ಸಂಪುಟದಲ್ಲಿ ಅದೂ ಇದೆ. 1962ರ ಫೆಬ್ರವರಿಯಲ್ಲಿ ಬೆರಿ ಒಳಗೆ ಹೋದದ್ದು, 1963ರ ಅಕ್ಟೋಬರಿನಲ್ಲಿ ಹೊರಬಂದದ್ದು ಈ ಎರಡನೇ ತೀರ್ಪಿನಂತೆ.

ನನ್ನ ಸಣ್ಣ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಇದು ಎರಡೂ ಪಕ್ಷಗಳ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತದೆ. ವರ್ಣದ್ವೇಷಿ ನ್ಯಾಯಾಧೀಶ ಅವನನ್ನು ಜೈಲಿಗೆ ಹಾಕಿದ ಎನ್ನುವವರು, ಆ ನ್ಯಾಯಾಧೀಶನ ತೀರ್ಪು ರದ್ದಾದದ್ದನ್ನು ಬಿಡುತ್ತಾರೆ. ಶಿಕ್ಷೆಯಾದ ಮೇಲೆ ಮುಗಿಯಿತಲ್ಲ ಎನ್ನುವವರು, ಮೊದಲ ಶಿಕ್ಷೆ ಅನ್ಯಾಯವೆಂದು ನ್ಯಾಯಾಲಯವೇ ಬರೆದುಕೊಟ್ಟದ್ದನ್ನು ನುಂಗುತ್ತಾರೆ. 1961ರ ಮಿಸೌರಿಯಲ್ಲಿ ಎರಡನೇ ವಿಚಾರಣೆಯಿಂದ ವರ್ಣದ ನೆರಳು ಪೂರ್ತಿ ಸರಿದಿತ್ತು ಎಂದು ನಾನೂ ನಂಬುವುದಿಲ್ಲ. ಆದರೂ ಅವಳಿಗೆ 14 ವರ್ಷ, ಅವನಿಗೆ 33 ಎಂಬುದು ಯಾವ ನ್ಯಾಯಾಧೀಶ ಬಂದರೂ ಬದಲಾಗದ ಲೆಕ್ಕ.

ಇಲ್ಲಿ ಬೆರಿಯ ಸ್ವಂತ ಮಾತನ್ನೂ ದಾಖಲೆಗಳ ಪಕ್ಕ ಇಟ್ಟು ನೋಡಬೇಕು. 1972ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಸಂದರ್ಶನದಲ್ಲಿ, ತಾನು ಆ ಪ್ರಕರಣದಲ್ಲಿ ಜೈಲಿಗೇ ಹೋಗಿಲ್ಲ, ಖುಲಾಸೆಯಾಗಿದ್ದೇನೆ, ಬೇಕಿದ್ದರೆ ಊರಿನ ಪತ್ರಿಕೆಗಳನ್ನು ನೋಡಿ ಎಂಬರ್ಥದಲ್ಲಿ ಉತ್ತರಿಸಿದ್ದಾನೆ. ಹದಿನೈದು ವರ್ಷಗಳ ನಂತರ, 1987ರಲ್ಲಿ ಪ್ರಕಟವಾದ ಆತ್ಮಕತೆಯಲ್ಲಿ ಸೆರೆಮನೆಯ ದಿನಗಳನ್ನು ತಾನೇ ವಿವರವಾಗಿ ಬರೆದಿದ್ದಾನೆ. ಒಳಗಿದ್ದಾಗ ಲೆಕ್ಕಪತ್ರ, ವ್ಯಾಪಾರ ಓದಿದ್ದು, ಹಾಡುಗಳನ್ನು ಕಟ್ಟಿದ್ದು ಎಲ್ಲ ಅಲ್ಲಿದೆ. ‘ಪ್ರಾಮಿಸ್ಡ್ ಲ್ಯಾಂಡ್’ ಹಾಡಿನ ಹುಡುಗ ಅಮೆರಿಕದ ಪೂರ್ವ ತೀರದಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವ ದಾರಿಯ ಊರುಗಳನ್ನು ಸರಿಯಾಗಿ ಬರೆಯಲು ಬೆರಿ ಭೂಪಟ ಕೇಳಿದನಂತೆ; ತಪ್ಪಿಸಿಕೊಳ್ಳುವ ಯೋಚನೆಯೇ ಎಂದು ಜೈಲಿನವರು ಹಿಂದೆಮುಂದೆ ನೋಡಿದರಂತೆ. ಸೆರೆಯ ಗೋಡೆಯೊಳಗೆ ಕೂತು ಇಡೀ ದೇಶ ದಾಟುವ ಹಾಡು ಬರೆದ ಆ ಶಕ್ತಿಗೆ ನಾನು ತಲೆಬಾಗುತ್ತೇನೆ. ಊರೂರು ದಾಟಿಸಿ ತಂದ ಹುಡುಗಿಯನ್ನು ಕೈಬಿಟ್ಟವನೂ ಅವನೇ.

ಬಣ್ಣ ಒಬ್ಬನ ಬದುಕನ್ನು ಎಲ್ಲಿಯವರೆಗೆ ವಿವರಿಸುತ್ತದೆ? ಬೆರಿಯ ವಿಷಯದಲ್ಲಿ ಬಹಳ ದೂರದವರೆಗೆ. ‘ಮೇಬೆಲೀನ್’ ಹಾಡು ಅಚ್ಚಾಗಿ ಬಂದಾಗ ಅದರ ರಚನೆಕಾರರ ಪಟ್ಟಿಯಲ್ಲಿ ರೇಡಿಯೋದ ಪ್ರಭಾವಿ ಆಲನ್ ಫ್ರೀಡ್ ಮತ್ತು ರಸ್ ಫ್ರ್ಯಾಟೊ ಎಂಬ ಇನ್ನೊಬ್ಬನ ಹೆಸರು ಸೇರಿತ್ತು; ಬೆರಿ ಒಬ್ಬನೇ ಕಟ್ಟಿದ ಹಾಡಿನ ಗೌರವಧನ ಹಂಚಿಹೋಯಿತು. ‘ಜಾನಿ ಬಿ. ಗುಡ್’ನ ಹುಡುಗ ಕಪ್ಪು ಹುಡುಗ ಎಂದು ಮೊದಲು ಬರೆದು, ರೇಡಿಯೋದವರು ಹಾಕುವುದಿಲ್ಲವೆಂದು ಹಳ್ಳಿ ಹುಡುಗನನ್ನಾಗಿ ಮಾಡಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಇಷ್ಟೆಲ್ಲ ಮೋಸ ಕಂಡವನು ಮುಂದೆ ಕಾಸು ಕೈಗೆ ಬಾರದೆ ವೇದಿಕೆ ಹತ್ತದವನಾದ. ಆ ಅಪನಂಬಿಕೆ ಎಲ್ಲಿಂದ ಬಂತೆಂದು ಕೇಳಬೇಕಾಗಿಲ್ಲ. ಆದರೆ 1979ರಲ್ಲಿ ತೆರಿಗೆ ವಂಚನೆಯನ್ನು ಅವನೇ ಒಪ್ಪಿಕೊಂಡ. ಆ ಜೂನ್‌ನಲ್ಲಿ ಅಧ್ಯಕ್ಷ ಕಾರ್ಟರ್ ಕರೆಗೆ ಶ್ವೇತಭವನದಲ್ಲಿ ಹಾಡಿ, ಮುಂದೆ ಲೊಂಪಾಕ್ ಸೆರೆಮನೆಯಲ್ಲಿ ನಾಲ್ಕು ತಿಂಗಳ ಶಿಕ್ಷೆ ಅನುಭವಿಸಿದ. ಮೋಸಹೋದದ್ದು ಮೋಸ ಮಾಡಲು ಕಾರಣವಾಗಿರಬಹುದು, ಸಮರ್ಥನೆ ಆಗುವುದಿಲ್ಲ.

ಇನ್ನೊಂದು ಹೋಲಿಕೆಯನ್ನು ಅಭಿಮಾನಿಗಳು ತಪ್ಪದೆ ಎತ್ತುತ್ತಾರೆ, ಎತ್ತಲೇಬೇಕು ಕೂಡ. ಬಿಳಿಯ ಗಾಯಕ ಜೆರ್ರಿ ಲೀ ಲೂಯಿಸ್ 1957ರ ಡಿಸೆಂಬರಿನಲ್ಲಿ ತನ್ನ 13 ವರ್ಷದ ಸಂಬಂಧಿಕಳನ್ನೇ ಮದುವೆಯಾದ. 1958ರಲ್ಲಿ ಇಂಗ್ಲೆಂಡಿನ ಪತ್ರಿಕೆಗಳು ಅದನ್ನು ಬಯಲಿಗೆಳೆದು ಅವನ ಪ್ರವಾಸ ರದ್ದಾಯಿತು, ಮಾರುಕಟ್ಟೆ ಬಿತ್ತು. ಕೋರ್ಟು ಮಾತ್ರ ಅವನನ್ನು ಕರೆಯಲಿಲ್ಲ. ಬಿಳಿಯನಿಗೆ ಅಪಕೀರ್ತಿ, ಕಪ್ಪು ಗಾಯಕನಿಗೆ ಸೆರೆ ಎಂಬ ತಾರತಮ್ಯ ಕಣ್ಣಿಗೆ ಹೊಡೆಯುತ್ತದೆ. ಆದರೆ ಇದರಿಂದ ಬೆರಿಯನ್ನೂ ಬಿಡಬೇಕಿತ್ತು ಎಂದು ತೀರ್ಮಾನಿಸುವುದನ್ನು ನಾನು ಒಪ್ಪಲಾರೆ. ಲೂಯಿಸ್‌ನನ್ನೂ ಕೇಳಬೇಕಿತ್ತು. ಗಾಯಕರಿಬ್ಬರನ್ನು ತಕ್ಕಡಿಯ ಎರಡು ತಟ್ಟೆಗೆ ಹಾಕುವ ಭರದಲ್ಲಿ ಆ ಹುಡುಗಿಯರಿಬ್ಬರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸೇಂಟ್ ಲೂಯಿಸ್‌ಗೆ ಬಂದ ಹುಡುಗಿಯಂತೂ ಎರಡು ಸಲ ಮರೆಯಾಗಿದ್ದಾಳೆ. ವರ್ಣದ ವಾದ ಕಪ್ಪು ಬಿಳುಪು ಎಂದು ಎರಡೇ ಬಣ್ಣದಲ್ಲಿ ನಡೆಯುವಾಗ, ಅಪಾಚೆ ಹುಡುಗಿಗೆ ಅಲ್ಲಿ ಜಾಗವೇ ಇಲ್ಲ. ನೀತಿಯ ವಾದ ಬಂದಾಗ ಅವಳು ಬೆರಿಯ ಚಾರಿತ್ರ್ಯದ ಮೇಲಿನ ಒಂದು ಕಲೆ ಮಾತ್ರ. ಪ್ರಕರಣದ ಶೀರ್ಷಿಕೆಯಲ್ಲಿರುವುದು ಬೆರಿ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನ. ಅವಳು ಸಾಕ್ಷಿ.

ಕಪ್ಪು ಕಲಾವಿದ ಎಂದರೆ ತನ್ನ ಜನಾಂಗಕ್ಕೇ ಮಾದರಿಯಾಗಿರಬೇಕು ಎಂಬ ಒತ್ತಾಯ ಅಮೆರಿಕದಲ್ಲಿ ಹೊರಗಿನಿಂದಲೂ ಒಳಗಿನಿಂದಲೂ ಬರುತ್ತದೆ. 2004ರ ಮೇ ತಿಂಗಳಲ್ಲಿ ಹಾಸ್ಯನಟ ಬಿಲ್ ಕಾಸ್ಬಿ ವಾಷಿಂಗ್ಟನ್‌ನ ಸಭೆಯೊಂದರಲ್ಲಿ ಬಡ ಕಪ್ಪುಜನರಿಗೆ ವೈಯಕ್ತಿಕ ಹೊಣೆಗಾರಿಕೆಯ ಪಾಠ ಹೇಳಿದ್ದು ಆ ಪರಂಪರೆಯದೇ. 2015ರಲ್ಲಿ ನ್ಯಾಯಾಧೀಶ ಎಡ್ವಾರ್ಡೊ ರೊಬ್ರೆನೊ, ಲೈಂಗಿಕ ದೌರ್ಜನ್ಯದ ದಾವೆಯೊಂದರಲ್ಲಿ ಕಾಸ್ಬಿ ಕೊಟ್ಟು ಮುಚ್ಚಿಡಲಾಗಿದ್ದ ಹೇಳಿಕೆಯ ದಾಖಲೆಗಳನ್ನು ಬಹಿರಂಗಪಡಿಸಲು ಕೊಟ್ಟ ಕಾರಣಗಳಲ್ಲಿ ಇದೂ ಒಂದು: ಊರಿಗೆಲ್ಲ ನೀತಿ ಹೇಳಿದವನ ನಡತೆಯನ್ನು ತಿಳಿಯುವ ಹಕ್ಕು ಊರಿಗಿದೆ. ಆ ತರ್ಕ ನನಗೆ ಸರಿಯೆನಿಸುತ್ತದೆ. ಬೆರಿ ಆ ಜಾತಿಯವನಲ್ಲ; ಅವನು ಪೀಠ ಹತ್ತಿ ಉಪದೇಶಿಸಿದ್ದು ಕಾಣೆ. ಚರ್ಚಿನ ಸೇವೆಯಲ್ಲಿದ್ದ ಧರ್ಮಭೀರು ತಂದೆ, ಶಾಲೆಯ ಮುಖ್ಯಸ್ಥೆ ತಾಯಿ, ಅಚ್ಚುಕಟ್ಟು ಮನೆತನ ಎಲ್ಲ ಇದ್ದೂ ಹದಿಹರೆಯದಲ್ಲೇ ದರೋಡೆ ಮಾಡಿ ಸುಧಾರಣಾ ಶಾಲೆ ಕಂಡವನು. ಅವನಿಗೆ ಮಾದರಿಯ ಕಿರೀಟ ತೊಡಿಸಿದವರು ನಾವು, ಅದು ಜಾರಿದಾಗ ಸಿಟ್ಟಾದವರೂ ನಾವು. ಕಿರೀಟ ಬೇಡ. ಮಾಡಿದ್ದಕ್ಕೆ ಹೊಣೆ ಮಾತ್ರ ಬೇಕು, ಅವನಿಗೂ ಜಾರ್ಜ್ ಮೂರ್‌ಗೂ.

ಇಷ್ಟಾದ ಮೇಲೆ ಕೊನೆಯದಾಗಿ ಒಂದು ಪ್ರಕರಣ ಉಳಿಯುತ್ತದೆ. 1987ರಲ್ಲಿ ಬೆರಿ ಮಿಸೌರಿಯ ವೆಂಟ್ಸ್‌ವಿಲ್‌ನಲ್ಲಿ ‘ಸದರ್ನ್ ಏರ್’ ಎಂಬ ಹೋಟೆಲು ಕೊಂಡ. ಕೆಲವೇ ವರ್ಷಗಳಲ್ಲಿ ಅಲ್ಲಿನ ಮಹಿಳೆಯರ ಶೌಚಾಲಯದಲ್ಲಿ ಗುಪ್ತ ಕ್ಯಾಮೆರಾ ಇಟ್ಟಿದ್ದಾನೆಂಬ ಆರೋಪ ಬಂತು. ಕಳ್ಳತನ ಮಾಡುತ್ತಿದ್ದ ನೌಕರರೊಬ್ಬರನ್ನು ಹಿಡಿಯಲು ಇಟ್ಟದ್ದು ಎಂದು ಅವನು ಹೇಳಿದ. ಈ ಕಡತದಲ್ಲಿ ಮಾನ್ ಕಾಯ್ದೆ ಇಲ್ಲ, ಸಾಕ್ಷಿಗಳ ನಡುವೆ ಬಣ್ಣ ಕೇಳುವ ನ್ಯಾಯಾಧೀಶನಿಲ್ಲ. ಈ ಸಲ ಹೆಂಗಸರು ಬೇರೆಯವರ ಪ್ರಕರಣದ ಸಾಕ್ಷಿಗಳಾಗಿರಲಿಲ್ಲ. ದಾವೆ ಹೂಡಿದವರೇ ಅವರು. ನ್ಯಾಯಾಲಯದಲ್ಲಿ ತಪ್ಪು ಸಾಬೀತಾಗುವ ಹಂತಕ್ಕೆ ಅದು ಹೋಗಲಿಲ್ಲ. ಬೆರಿ ಹಣ ಕೊಟ್ಟು ಅವರೆಲ್ಲರೊಂದಿಗೆ ರಾಜಿ ಮಾಡಿಕೊಂಡ.