ಹಳೆಯ ಗಣಕಯಂತ್ರದ ಜೀರ್ಣೋದ್ಧಾರ

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ದೇವಾಲಯವನ್ನು ಹನ್ನೆರಡನೆಯ ಶತಮಾನದ ಆದಿಯಲ್ಲಿ ವರ್ತಕನಾದ ಕುಲ್ಲಹಣ ರಾಹುತನೂ ಆತನ ಪತ್ನಿ ಸಹಜಾದೇವಿಯೂ ಕಟ್ಟಿಸಿದರು. ಇಂತಹ ಗುಡಿಗಳು ಶಿಥಿಲವಾದಾಗ ಜೀರ್ಣೋದ್ಧಾರವು ನೂತನ ನಿರ್ಮಾಣಕ್ಕಿಂತ ಹೆಚ್ಚಿನ ಪುಣ್ಯವೆಂದು ಹಿರಿಯರು ಎಣಿಸುತ್ತಿದ್ದರು. ಹತ್ತು ಹದಿನೈದು ವರ್ಷ ದುಡಿದು ಮನೆಯ ಮೂಲೆ ಸೇರಿರುವ ಲ್ಯಾಪ್‌ಟಾಪಿಗೂ ಈ ನ್ಯಾಯ ಸಲ್ಲುವುದೆಂಬುದನ್ನು ಲಿನಕ್ಸಿನ ಚರಿತ್ರೆ ತೋರಿಸುತ್ತದೆ.

ಇಂತಹ ಯಂತ್ರವು ಮಂದವಾಗುವುದು ಬಹುಮಟ್ಟಿಗೆ ಸವೆತದಿಂದಲ್ಲ. 2001ರ ವಿಂಡೋಸ್ ಎಕ್ಸ್‌ಪಿಗೆ ಕನಿಷ್ಠ 64 ಮೆಗಾಬೈಟ್ ರ‍್ಯಾಮ್ ಸಾಕಾಗಿತ್ತು. 2021ರ ವಿಂಡೋಸ್ 11ಕ್ಕೆ ಕನಿಷ್ಠ 4 ಗಿಗಾಬೈಟ್ ಬೇಕು. ಇಪ್ಪತ್ತು ವರ್ಷಗಳಲ್ಲಿ ಬೇಡಿಕೆ 64 ಪಟ್ಟಾಯಿತು. ರ‍್ಯಾಮ್ ತುಂಬಿದೊಡನೆ ಯಂತ್ರವು ಉಳಿದುದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುವುದು. ಹಳೆಯ ತಿರುಗುವ ಡಿಸ್ಕಿನ ವೇಗ ಅತ್ಯಲ್ಪವಾದುದರಿಂದ ಈ ಸಾಗಣೆಯಲ್ಲಿಯೇ ಹೊತ್ತು ಕಳೆಯುತ್ತದೆ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ರಚಿಸಿದುದು 4 ಮೆಗಾಬೈಟ್ ರ‍್ಯಾಮಿನ ಯಂತ್ರದಲ್ಲಿ. ಅದರ ಮೂಲಪಾಠವು ಸರ್ವರಿಗೂ ಮುಕ್ತವಾದುದರಿಂದ ಬೇಡದ ಭಾರವನ್ನು ಇಳಿಸುವ ಅಧಿಕಾರ ಎಲ್ಲರಿಗೂ ಉಂಟು. 2003ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಕೌಲರ್ ಆರಂಭಿಸಿದ ಪಪ್ಪಿ ಲಿನಕ್ಸ್ ಇಡಿಯಾಗಿ ರ‍್ಯಾಮಿನಲ್ಲಿಯೇ ನೆಲೆಸಿ ನಡೆಯುವಷ್ಟು ಚಿಕ್ಕದು. 2006ರಲ್ಲಿ ಹುಟ್ಟಿದ ಎಲ್‌ಎಕ್ಸ್‌ಡಿಇಯು ಪರದೆಯ ಅಲಂಕಾರವನ್ನು ಮಿತಗೊಳಿಸಿ ರ‍್ಯಾಮನ್ನು ಉಳಿಸಿತು.

ಈ ಮಿತವ್ಯಯದಲ್ಲಿ ಕರ್ನಾಟಕವೂ ಹಿಂದುಳಿದಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮೊದಲಾದವರು ಎನ್ಕೋರ್ ಸಂಸ್ಥೆಯೊಡನೆ ರೂಪಿಸಿ 2001ರಲ್ಲಿ ತೋರಿಸಿದ ಸಿಂಪ್ಯೂಟರ್ ಎಂಬ ಅಂಗೈ ಯಂತ್ರವು ಲಿನಕ್ಸಿನಿಂದಲೇ ನಡೆಯಿತು. ಅದು ವ್ಯಾಪಾರದಲ್ಲಿ ಗೆಲ್ಲಲಿಲ್ಲ; ಆದರೂ ಅಲ್ಪ ಸಾಮಗ್ರಿಯಲ್ಲಿ ದೇಶಭಾಷೆಗಳಿಗೆ ಗಣಕವನ್ನು ಒದಗಿಸಬಹುದೆಂಬುದನ್ನು ಸಿದ್ಧಪಡಿಸಿತು.

ಆದರೆ ಈ ಉದ್ಧಾರಕ್ಕೂ ಎಲ್ಲೆಯುಂಟು. ಮೇಲ್ಮೈ ಎಷ್ಟೇ ಹಗುರವಾದರೂ ಜಾಲತಾಣಗಳು ಹಗುರವಾಗುವುದಿಲ್ಲ. ತೆರೆದ ಪುಟವೊಂದೊಂದೂ ರ‍್ಯಾಮನ್ನು ನುಂಗುತ್ತದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಹಳೆಯ 32 ಬಿಟ್ ಯಂತ್ರಗಳಿಗೆ ಸ್ಥಾಪಕವನ್ನೇ ಕೊಡಲಿಲ್ಲ. 64 ಬಿಟ್ಟಿನ, 2 ಗಿಗಾಬೈಟ್ ರ‍್ಯಾಮಿನ ಲ್ಯಾಪ್‌ಟಾಪಾದರೋ ಕನ್ನಡದಲ್ಲಿ ಬರೆಯುವುದಕ್ಕೂ ಲೆಕ್ಕವಿಡುವುದಕ್ಕೂ ಮಕ್ಕಳ ಅಭ್ಯಾಸಕ್ಕೂ ಈಗಲೂ ಯೋಗ್ಯವಾಗಿದೆ. ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ನಡೆಸಿ ಪರೀಕ್ಷಿಸಬಹುದಾದುದರಿಂದ, ಒಳಗಿನ ಕಡತಗಳನ್ನು ಅಳಿಸದೆಯೇ ಗುಣದೋಷಗಳನ್ನು ತಿಳಿಯಬಹುದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಪೋಷಣೆ ಮುಗಿದಿರುವಾಗ, ಗುಜರಿಯವನನ್ನು ಕರೆಯುವ ಮುನ್ನ ಗೃಹಸ್ಥರು ಈ ಪರೀಕ್ಷೆಯನ್ನು ಮಾಡಿ ನೋಡುವುದು ವಿಹಿತ.