ಉಸಿರಿಗೆ ಮೇಲೇಳುವ ಜೀವ

ಮಂಗಳೂರು ಬಂದರಿನಿಂದ ಬೆಂಗರೆಗೆ ಕಡವು ದಾಟುವವರು ಅಳಿವೆಯ ಕಡೆ ಕಣ್ಣಿಟ್ಟರೆ, ಬೂದುಬಣ್ಣದ ಬೆನ್ನೊಂದು ನೀರಿನಿಂದೆದ್ದು ಮರೆಯಾಗುವುದನ್ನು ಒಮ್ಮೊಮ್ಮೆ ಕಾಣಬಹುದು. ಅದು ಗೂನುಬೆನ್ನಿನ ಡಾಲ್ಫಿನ್, ತಿಮಿಂಗಿಲಗಳ ಬಳಗದ್ದು. ತಿಮಿಯನ್ನು ನುಂಗುವುದು ತಿಮಿಂಗಿಲ. ನಮ್ಮ ಹಿರಿಯರು ಅದನ್ನು ಮೀನೆಂದೇ ಎಣಿಸಿದರು. ಆದರೆ ಈ ಬಳಗದವು ಮರಿಗೆ ಮೊಲೆಯೂಡುವ, ನೆಲದಿಂದ ಕಡಲಿಗಿಳಿದ ಕುಲದವು.

ಆ ಕುಲದ ಪೂರ್ವಕಥೆಯ ಒಂದು ಪುಟ ನಮ್ಮ ದೇಶದಲ್ಲೇ ದೊರೆಯಿತು. ಭೂವಿಜ್ಞಾನಿ ಎ. ರಂಗರಾವ್ ಅವರು ಜಮ್ಮುವಿನ ಕಾಲಾಕೋಟ್ ಪ್ರದೇಶದಿಂದ ಸಂಗ್ರಹಿಸಿಟ್ಟಿದ್ದ ಶಿಲೆಗಳಲ್ಲಿ ‘ಇಂಡೋಹಯಸ್’ ಎಂಬ ಗಿಡ್ಡ ಜಿಂಕೆಯಂಥ ಪ್ರಾಣಿಯ ಎಲುಬುಗಳಿದ್ದವು. ಅದರ ಕಿವಿಯ ಎಲುಬು ತಿಮಿಂಗಿಲದ್ದನ್ನೇ ಹೋಲುತ್ತದೆಂದು 2007ರಲ್ಲಿ ಪ್ರಕಟವಾಯಿತು.

ಸ್ಪರ್ಮ್ ತಿಮಿಂಗಿಲ ಒಂದೇ ಉಸಿರಿನಲ್ಲಿ 1,000 ಮೀಟರಿಗೂ ಆಳಕ್ಕೆ ಇಳಿಯಬಲ್ಲುದು. ಇದರ ಗುಟ್ಟು ಬಹುಮಟ್ಟಿಗೆ ಸ್ನಾಯುವಿನ ಮಯೋಗ್ಲೋಬಿನ್‌ನಲ್ಲಿದೆ. 1958ರಲ್ಲಿ ಕೇಂಬ್ರಿಜ್‌ನ ಜಾನ್ ಕೆಂಡ್ರೂ ಈ ತಿಮಿಂಗಿಲದ ಮಾಂಸದಿಂದಲೇ ಅದರ ಆಕಾರವನ್ನು ಕಂಡುಹಿಡಿದರು. 1962ರಲ್ಲಿ ನೊಬೆಲ್ ಪಾರಿತೋಷಕವೂ ಸಂದಿತು. ಆಳಕ್ಕಿಳಿಯುವ ಪ್ರಾಣಿಗಳಲ್ಲಿ ವಂಶವಾಹಿಗಳ ಬದಲಾವಣೆಯಿಂದ ಈ ಕಣಗಳಿಗೆ ಧನವಿದ್ಯುದಂಶ ಹೆಚ್ಚಿದೆಯೆಂದು 2013ರಲ್ಲಿ ತಿಳಿದುಬಂತು. ಒಂದನ್ನೊಂದು ದೂಡುವುದರಿಂದ ಅವು ಎಷ್ಟು ಕಿಕ್ಕಿರಿದರೂ ಗಂಟುಗಟ್ಟುವುದಿಲ್ಲ. ಹೀಗೆ ಸ್ನಾಯುವೇ ಪ್ರಾಣವಾಯುವಿನ ಕಣಜವಾಯಿತು.

ಕೋಟಿಗಟ್ಟಲೆ ವರ್ಷಗಳು ಕಣಜವನ್ನು ಕಟ್ಟಿಕೊಟ್ಟವು, ಕಿವಿರನ್ನು ಕೊಡಲಿಲ್ಲ. ಬಲೆಗೆ ಸಿಕ್ಕಿ ಮೇಲೇಳಲಾರದ ಡಾಲ್ಫಿನ್ ಕಡಲಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. 1972ರ ವನ್ಯಜೀವಿ ಕಾಯಿದೆಯ ರಕ್ಷಣೆ ಅದಕ್ಕಿದೆ, ನಿಜ. ಆದರೆ ಬಲೆಗೆ ಕಾಯಿದೆ ತಿಳಿಯದು. ಬಲೆ ಬೀಸುವವರಿಗೂ ಆ ಮೀನನ್ನು ಉಣ್ಣುವ ನಮಗೂ ತಿಳಿದಿರಬೇಕು.